ಪಂಪು ನಿಂತ ಸಂಜೆ

ಕೆಂಪು ಮುರಕಲ್ಲು ಕಡಿದ, ಈಗ ನೀರು ತುಂಬಿದ ಹಳೆಯ ಕೋರೆಯ ದಂಡೆಯಲ್ಲಿಟ್ಟ ಕೂಗುಜರಡಿಯ ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು. ಬುತ್ತಿಯ ಡಬ್ಬಿಯಷ್ಟಿದ್ದ ಆ ಯಂತ್ರ ನೂರಾರು ಕಪ್ಪೆಗಳ ಗದ್ದಲವನ್ನು ಸೋಸಿ, ಒಂದೊಂದು ಕೂಗನ್ನೂ ಬೇರೆ ಮಾಡುತ್ತಿತ್ತು. ಕೆಳಗಿನ ಗೆರೆ ಸಾಮಾನ್ಯ ಗದ್ದೆಗಪ್ಪೆಯದು. ಮೇಲಿನದು ಕೀರಲು ದನಿ. ಯಂತ್ರದ ಪಟ್ಟಿಯಲ್ಲಿ ಅಂಥದ್ದಿರಲಿಲ್ಲ.

ಕೋರೆಯನ್ನು ಮುಚ್ಚಿ ಗೋದಾಮು ಕಟ್ಟುವುದೆಂದು ತೀರ್ಮಾನವಾಗಿತ್ತು. ಬೇರೆಲ್ಲೂ ಇಲ್ಲದ ಪ್ರಭೇದ ಸಿಕ್ಕಿದರೆ ಮಾತ್ರ ಕಾನೂನು ತಡೆಯುತ್ತಿತ್ತು. ಪಕ್ಕದಲ್ಲಿ ಮಲ್ಲಿಗೆ ಬೆಳೆಯುವ ಜಲಜಕ್ಕ ದಿನವೂ ಸಂಜೆ ಪಂಪು ಹಾಕಿ ಗಿಡಗಳಿಗೆ ಬಿಡುತ್ತಿದ್ದುದು ಆ ಕೋರೆಯದೇ ನೀರು.

ನೋಡಲು ಒಂದೇ ಥರ ಇರುವ ಕಪ್ಪೆಗಳನ್ನು ಬಣ್ಣದಿಂದ ಗುರುತಿಸಲಾಗದು ಎಂದು ಕೋರೆಯ ಕಪ್ಪೆಗಳ ಸಮೀಕ್ಷೆಗೆ ಬಂದಿದ್ದ ವಿಜ್ಞಾನಿ ಡಾ. ಪ್ರಣೀತಾ ಗಾಂವ್ಕರ್ ಜಲಜಕ್ಕನಿಗೆ ವಿವರಿಸಿದ್ದಳು. ಹೆಣ್ಣು ಕಪ್ಪೆ ತನ್ನ ಜಾತಿಯ ಗಂಡನ್ನು ಕೂಗಿನಿಂದಲೇ ಅರಿಯುತ್ತದೆ. ಆದ್ದರಿಂದ ವಿಜ್ಞಾನಿಗಳೂ ಮೊದಲು ಕೂಗು ಕೇಳುತ್ತಾರೆ, ಆಮೇಲೆ ಬೆರಳ ನಡುವಿನ ಪೊರೆ, ಡಿಎನ್‌ಎ ನೋಡುತ್ತಾರೆ.

“ನನ್ನ ನಾದಿನಿಯರ ಹಾಗೆ,” ಎಂದಿದ್ದಳು ಜಲಜಕ್ಕ. “ಬಾಯಿ ಬಿಟ್ಟ ಮೇಲೆಯೇ ಯಾರು ಅಂತ ಗೊತ್ತಾಗುವುದು.”

ಸಮೀಕ್ಷೆಯ ಕೊನೆಯ ಸಂಜೆ ಮೇಲಿನ ಗೆರೆ ಮೂಡಲೇ ಇಲ್ಲ. ಪ್ರಣೀತಾ ಯಂತ್ರವನ್ನು ಎರಡು ಸಲ ಪರೀಕ್ಷಿಸಿದಳು.

ಜಲಜಕ್ಕ ಚಹಾದ ಲೋಟ ಮುಂದಿಟ್ಟಳು. “ನಿಮಗೆ ಸರಿಯಾಗಿ ಕೇಳಲಿ ಅಂತ ಇವತ್ತು ಪಂಪು ಹಾಕಲಿಲ್ಲ ಮಾರಾಯ್ರೇ.”

ಪ್ರಣೀತಾ ಲೋಟ ಬದಿಗಿಟ್ಟು, ತನಗೆ ಆಗಷ್ಟೇ ಹೊಳೆದದ್ದನ್ನು ಹೇಳಿದಳು. ಪಂಪಿನ ಸದ್ದನ್ನು ಮೀರಲು ಅದರ ಬದಿಯ ಗದ್ದೆಗಪ್ಪೆಗಳೇ ದನಿ ಏರಿಸಿ ಕೀರಲಾಗಿ ಕೂಗುತ್ತಿದ್ದವು. ಹೊಸ ಪ್ರಭೇದವೆಂಬುದೇ ಇರಲಿಲ್ಲ.

“ಹಾಗಾದರೆ ನಾನೇ ಹಾಳು ಮಾಡಿದೆನಾ?”

“ಇಲ್ಲ ಜಲಜಕ್ಕ. ನಾನು ಸುಳ್ಳು ಬರೆಯುವುದನ್ನು ತಪ್ಪಿಸಿದಿರಿ.”

ಜಲಜಕ್ಕ ತಲೆಯಾಡಿಸಿ, ಆರಿದ ಚಹಾ ಬಿಸಿ ಮಾಡಿ ತರುತ್ತೇನೆಂದು ಕೈ ಚಾಚಿದಳು. ಆಗಲೇ ಪರದೆಯ ಮೇಲಂಚಿನಲ್ಲಿ, ಹಿಂದೆಂದೂ ಕಾಣದ ಮೂರನೆಯ ಗೆರೆ ನಡುಗಿತು: ಬಳೆಗೆ ಬಳೆ ತಾಗಿದಂಥ ಸಣ್ಣ ಸದ್ದು, ಇಷ್ಟು ದಿನ ಪಂಪಿನ ಸದ್ದಿನಡಿ ಮುಚ್ಚಿಹೋಗಿದ್ದದ್ದು. ಆ ಸದ್ದಿನ ಜಾಡು ಹಿಡಿದು ಹುಡುಕಿದಾಗ ಕಲ್ಲಿನ ಬಿರುಕಿನಲ್ಲಿ ಸಿಕ್ಕ ಕಪ್ಪೆ ಉಗುರಿನಷ್ಟಿತ್ತು. ಅದರ ಬೆರಳ ನಡುವೆ ಪೊರೆ ಇರಲಿಲ್ಲ. ಎರಡು ತಿಂಗಳ ಬಳಿಕ ಡಿಎನ್‌ಎ ಕೂಡ ಅದು ಬೇರೆಯೇ ಎಂದಿತು.

ಕೋರೆ ಉಳಿಯಿತು. ಆದರೆ ಸರಕಾರದ ಆದೇಶದಲ್ಲಿ ಇನ್ನೊಂದು ಸಾಲಿತ್ತು: ಆ ಕಪ್ಪೆಯ ಕೂಗು ಅಡಗದಂತೆ, ಕೋರೆಯ ಬಳಿ ಸದ್ದು ಮಾಡುವ ಯಾವ ಯಂತ್ರವನ್ನೂ ಓಡಿಸಬಾರದು.

ಈಗ ಜಲಜಕ್ಕ ಕೊಡದಲ್ಲಿ ನೀರು ಹೊರುತ್ತಾಳೆ. ಶನಿವಾರ ಸಂಜೆ ಕಪ್ಪೆ ಎಣಿಸಲು ಬರುವ ಪ್ರಣೀತಾ ಒಂದು ಗಂಟೆ ಮೊದಲೇ ಬರುತ್ತಾಳೆ. ಕೂಗುಜರಡಿಯನ್ನು ದಂಡೆಯ ಮೇಲಿಟ್ಟು, ಎರಡನೆಯ ಕೊಡ ಎತ್ತಿಕೊಳ್ಳುತ್ತಾಳೆ.