ಖಾಸ್ ಪಟ್ಟಿಯ ಒಂಬತ್ತು ಮಂದಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಅಂಬರೀನ್ ಕಲಬುರಗಿಯ ಸೈಬರ್ ಠಾಣೆಯ ಮೆಟ್ಟಿಲು ಹತ್ತಿದಳು. ಆ ಹೊತ್ತಿನಲ್ಲಿ ಅಲ್ಲಿಗೆ ಬರುವವರು ಓಟಿಪಿ ಹೇಳಿ ಕೈ ಸುಟ್ಟುಕೊಂಡವರೇ. ಹಾಗಾಗಿ ಇನ್‌ಸ್ಪೆಕ್ಟರ್ ವಿಜಯಶ್ರೀ ಕಡತದಿಂದ ತಲೆ ಎತ್ತದೆಯೇ ಕೇಳಿದರು.

"ಯಾವ ಬ್ಯಾಂಕು?"

"ಬ್ಯಾಂಕಲ್ರಿ ಮೇಡಂ. ಫೋಟೊ."

ಆಗ ತಲೆ ಎತ್ತಿದರು. ಹುಡುಗಿಗೆ ಇಪ್ಪತ್ಮೂರು, ಖೂಬಾ ಪ್ಲಾಟ್ ಬಡಾವಣೆಯವಳು, ನರ್ಸಿಂಗ್ ಕಡೆಯ ವರ್ಷ. ತಂದೆ ಸಿಕಂದರ್ ಅವರದು ಜಗತ್ ಸರ್ಕಲ್‌ನಲ್ಲಿ ಕನ್ನಡಕದ ಅಂಗಡಿ. ಮೂರು ವಾರದಿಂದ ಯಾರೋ 'ಅಂಬರೀನ್ ಅಸ್ಲಿ' ಎಂಬ ನಕಲಿ ಖಾತೆ ತೆರೆದು, ಹುಡುಗರ ಪಕ್ಕ ಆಕೆ ನಿಂತ ಕಾಲೇಜಿನ ಫೋಟೊಗಳನ್ನು ಹಾಕುತ್ತಿದ್ದರು. ಬರೀ ಹಾಕಿ ಸುಮ್ಮನಿರುತ್ತಿರಲಿಲ್ಲ, ಆಕೆಯ ಹೆಸರಿಗೆ ಟ್ಯಾಗ್ ಮಾಡುತ್ತಿದ್ದರು. ಟ್ಯಾಗ್ ಆದದ್ದೇ ತಡ, ಫೋಟೊ ಆಕೆಯದೇ ಪುಟದಲ್ಲಿ ಕಾಣುತ್ತಿತ್ತು. ಬಂಧು ಬಳಗವೆಲ್ಲ ನೋಡುತ್ತಿತ್ತು.

"ನಮ್ಮ ಅಬ್ಬಾ ಕಡೀ ಮಾತು ಹೇಳ್ಯಾರ್ರಿ. ಇನ್ನೊಂದು ಫೋಟೊ ಬಂತಂದ್ರ ಕಾಲೇಜು ಬಂದ್. ಹದಿನೈದಕ್ಕ ಪರೀಕ್ಷಾ ಅದ." ಆಕೆ ಮೊಬೈಲನ್ನು ಮೇಜಿನ ಮೇಲಿಟ್ಟಳು. ಅವತ್ತು ನಾಲ್ಕನೇ ತಾರೀಕು.

ಕಾನ್‌ಸ್ಟೆಬಲ್ ದಿಲೀಪ ಆಕೆಯ ಮೊಬೈಲ್ ತೆಗೆದು ನೋಡಿ ಹಣೆ ಬಡಿದುಕೊಂಡ. "ಅಯ್ಯ, ಯಾರು ಬೇಕಾದ್ರೂ ಟ್ಯಾಗ್ ಮಾಡ್ಲಿ ಅಂತ ಸೆಟ್ಟಿಂಗ್ ತೆರದೇ ಇಟ್ಟೀರಲ್ರಿ! ಚಿಲಕ ಇಲ್ಲದ ಮನಿ ಆಗ್ಯದ ಇದು. ತಡೀರಿ, ಈಗೇ ಬಂದ್ ಮಾಡ್ತೇನಿ."

"ಮುಟ್ಟಬ್ಯಾಡ," ಎಂದರು ವಿಜಯಶ್ರೀ. "ಈಗ ಬಂದ್ ಮಾಡಿದ್ರ ಕಳ್ಳ ಹುಷಾರಾಗ್ತಾನ."

ಹನ್ನೊಂದು ಗಂಟೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಖಾತೆ ಯಾರದೆಂದು ಕೇಳಿ ಕಂಪನಿಗೆ ಪತ್ರವೂ ಹೋಯಿತು. ಉತ್ತರಕ್ಕೆ ಎರಡು ವಾರ ಹಿಡಿಯುವುದು ಮಾಮೂಲು. ಆಮೇಲೆ ಬಂದರೆ ಈ ಹುಡುಗಿಗೆ ಅದರಿಂದೇನು ಪ್ರಯೋಜನ?

ಮಂಗಳವಾರ ದಿಲೀಪ ಫೋಟೊದಲ್ಲಿದ್ದ ಸಹಪಾಠಿ ಸಲ್ಮಾನನನ್ನು ಕರೆಸಿದ. ಹುಡುಗ ಮೊಬೈಲ್ ಬಿಚ್ಚಿಟ್ಟ. ಅದರಲ್ಲಿ ಕ್ರಿಕೆಟ್ ಬಿಟ್ಟು ಮತ್ತೇನೂ ಇರಲಿಲ್ಲ. ಅವನನ್ನು ಕಳುಹಿಸಿ ವಿಜಯಶ್ರೀ ಫೋಟೊಗಳನ್ನು ಮತ್ತೆ ಹರವಿಕೊಂಡು ಕುಳಿತರು. ಪ್ರತಿಯೊಂದರಲ್ಲೂ ಅಂಬರೀನ್ ಜೊತೆ ಬೇರೆ ಹುಡುಗಿಯರಿದ್ದರು. ಅವರೆಲ್ಲರ ಮುಖದ ಮೇಲೆ ಗುಲಾಬಿ ಹೂವಿನ ಚಿತ್ರ ಅಂಟಿಸಿತ್ತು. ಹುಡುಗರ ಮುಖಕ್ಕೆ ಏನೂ ಇಲ್ಲ.

"ಅಲ್ಲೋ ದಿಲೀಪ, ಒಬ್ಬಾಕಿ ಮಾನ ಕಳಿಯೋರು ಉಳದವರ ಮಾನ ಯಾಕ ಕಾಯ್ತಾರ?"

"ಚಂದ ಕಾಣ್ಲಿ ಅಂತ ಹೂ ಇಟ್ಟಿರಬೇಕ್ರಿ."

"ನಿನ್ನ ತಲಿ. ಗಂಡಸು ಆದ್ರ ಇಷ್ಟು ಸೂಕ್ಷ್ಮ ನೋಡಂಗಿಲ್ಲ. ಇದು ಹೆಂಗಸಿನ ಕೆಲಸ. ಒಂದು ಫೋಟೊದಿಂದ ಮನಿಯಾಗ ಏನೇನಾಗ್ತದ ಅಂತ ಗೊತ್ತಿದ್ದಾಕಿ."

ಅಂಬರೀನ್ ಕೂಡ ದಡ್ಡಿಯಲ್ಲ. ಮೂಲ ಫೋಟೊಗಳನ್ನು ಅಬ್ಬಾನ ಕಣ್ಣಿಗೆ ಬೀಳದ ಹಾಗೆ, ಒಂಬತ್ತು ಮಂದಿಗಷ್ಟೇ ಕಾಣುವ ಹಾಗೆ ಇಟ್ಟಿದ್ದಳು. ಆ ಆಪ್ತರ ಪಟ್ಟಿಗೆ 'ಖಾಸ್' ಎಂದು ಹೆಸರು. ಐವರು ಗೆಳತಿಯರು, ಬಂಧುಬಳಗದ ನಾಲ್ವರು ಅಕ್ಕತಂಗಿಯರು. ಟ್ಯಾಗಿನ ಬಾಗಿಲು ಮಾತ್ರ ಮರೆತುಬಿಟ್ಟಿದ್ದಳು.

"ಅವರ್ಯಾರೂ ಅಲ್ರಿ ಮೇಡಂ. ಎಲ್ಲಾರೂ ನಮ್ಮವರೇ," ಎಂದು ಹುಡುಗಿ ಪಟ್ಟು ಹಿಡಿದಳು.

"ನಮ್ಮವರಲ್ಲದವರಿಗೆ ಈ ಫೋಟೊ ಸಿಗಂಗೇ ಇಲ್ಲವ್ವ. ಆ ಪಟ್ಟಿಗಿ ಇನ್ನೊಂದೇ ಒಂದು ಫೋಟೊ ಹಾಕೋಣು. ಮುಂದ ನಾ ನೋಡ್ಕೊತೀನಿ."

ಇನ್ನೊಂದು ಬಂದರೆ ಕಾಲೇಜು ಬಂದ್ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಂಬರೀನ್ "ಆಯ್ತ್ರಿ" ಎಂದಳು. 

ಬುಧವಾರ ಹನ್ನೊಂದಕ್ಕೆ ಠಾಣೆಯ ಹಿಂದಿನ ಕ್ಯಾಂಟೀನಿನಲ್ಲಿ ಫೋಟೊ ತೆಗೆಯುವ ಕೆಲಸ ಶುರು. ದಿಲೀಪನಿಗೆ ಜೀನ್ಸ್ ಹಾಕಿಸಿ ಸಹಪಾಠಿಯ ವೇಷ ಕಟ್ಟಿದರು. "ಮೀಸಿ ಬೋಳಸೋ, ಸಿಪಾಯಿ ಅಂತ ಒದರಾಕತ್ತದ," ಎಂದು ಮಹಿಳಾ ಕಾನ್‌ಸ್ಟೆಬಲ್ ಸಾಬಮ್ಮ ಕಾಡಿದಳು. ಅವರ ಹಿಂದೆ ಗೋಡೆ ಗಡಿಯಾರ. ಐದು ನಿಮಿಷಕ್ಕೊಂದರಂತೆ ಒಂಬತ್ತು ಫೋಟೊ ತೆಗೆದರು. ಸೆಟ್ಟಿಂಗ್ ಬದಲಿಸುತ್ತ ಖಾಸ್ ಪಟ್ಟಿಯ ಒಬ್ಬೊಬ್ಬರಿಗೆ ಒಂದೊಂದೇ ಕಾಣುವಂತೆ ಹಾಕಿದರು. ನೋಡುವವರಿಗೆ ಎಲ್ಲವೂ ಒಂದೇ, ಗಡಿಯಾರದ ಮುಳ್ಳು ಮಾತ್ರ ಬೇರೆ ಬೇರೆ ಕಡೆ.

ಗುರುವಾರ ಬೆಳಿಗ್ಗೆ 8.40ಕ್ಕೆ ಫೋಟೊ 'ಅಸ್ಲಿ' ಖಾತೆಯಿಂದ ಟ್ಯಾಗ್ ಆಗಿ ಬಂತು. ಠಾಣೆಯಲ್ಲಿದ್ದ ಸಾಬಮ್ಮ ಪರದೆಯ ಚಿತ್ರ ಉಳಿಸಿಕೊಂಡು ಫೋನಿನಲ್ಲಿ ಹೇಳಿದ ಮೇಲೆ, 8.44ಕ್ಕೆ ಅಂಬರೀನ್ ಟ್ಯಾಗ್ ತೆಗೆದಳು. ನಾಲ್ಕೇ ನಿಮಿಷ. ಅಷ್ಟರಲ್ಲೇ ಸಿಕಂದರ್ ನೋಡಿ, ಮಗಳ ಪುಸ್ತಕಗಳನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿಯಾಗಿತ್ತು.

ಫೋಟೊದ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತೈದು. ಅದನ್ನು ತೋರಿಸಿದ್ದು ಕಮಲಾಪುರದ ಗೌಸಿಯಾಳಿಗೆ ಮಾತ್ರ, ಅಂಬರೀನಳ ಚಾಚಾನ, ಅಂದರೆ ಚಿಕ್ಕಪ್ಪನ ಮಗಳಿಗೆ.

ಹನ್ನೊಂದರ ಹೊತ್ತಿಗೆ ಜೀಪು ಕಮಲಾಪುರ ಮುಟ್ಟಿತು. ಕೆಂಪು ಬಾಳೆಗೊನೆ ತೂಗಿಬಿಟ್ಟ ಅಂಗಡಿಯ ಹಿಂದಿನ ಮನೆ. ಒಳಗೆ ಇಪ್ಪತ್ತೈದರ ಹೆಣ್ಣುಮಗಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಪೊಲೀಸರನ್ನು ಕಂಡು ಆಕೆಯ ಅಪ್ಪ ಗುಫ್ರಾನ್ ಬಾಗಿಲಿಗೇ ಅಡ್ಡ ನಿಂತರು. ಮಗಳು ಮಾತ್ರ ಹೊಲಿಗೆ ಮುಗಿಸಿ, ದಾರ ಕತ್ತರಿಸಿ, ಮೊಬೈಲನ್ನು ತಾನೇ ಮುಂದಿಟ್ಟಳು. ಅಸ್ಲಿ ಖಾತೆ ಅದರಲ್ಲೇ ತೆರೆದಿತ್ತು. ನೆರೆಮನೆಯ ಇಬ್ಬರ ಎದುರು ಪಂಚನಾಮೆ ಮಾಡಿ ಮೊಬೈಲ್ ಜಪ್ತಿ ಮಾಡಿದರು.

"ಯಾಕ ಮಾಡ್ದಿ?"

"ನಂದೊಂದು ಫೋಟೊ ಅದ್ರಿ, ಆಕಿ ಪುಟದಾಗ. ಆರು ವರ್ಷದ ಹಿಂದಿಂದು. ತೆಗದ ನೋಡ್ರಿ."

ವಿಜಯಶ್ರೀ ನೋಡಿದರು. ಕಲಬುರಗಿ ಕೋಟೆಯ ಮುಂದೆ ಗೌಸಿಯಾ, ಕೈಯಲ್ಲಿ ಕುಲ್ಫಿ, ಮುಖದ ತುಂಬ ನಗು, ಹಿಂದೆ ತರಗತಿಯ ಹುಡುಗರು. 'ನಮ್ಮ ಆಪಾ, ಕಾಲೇಜಿಗೇ ಫಸ್ಟ್' ಎಂದು ಅಕ್ಕನ ಬಗ್ಗೆ ಬರೆದು ಅಂಬರೀನ್ ಟ್ಯಾಗ್ ಮಾಡಿದ್ದಳು. ಪ್ರೀತಿಯಿಂದಲೇ.

"ಅವತ್ತೇ ಅಬ್ಬಾ ನೋಡಿದ್ರು. ಸಿಮ್ ಮುರದು ಒಲಿಗೆ ಹಾಕಿದ್ರು. ಮರುದಿನದಿಂದ ಕಾಲೇಜಿಲ್ಲ. ಹಳೇ ಖಾತೆ ಒಳಗ ಹೋಗಾಕ ಆ ನಂಬರೇ ಇಲ್ಲ, ಆ ಟ್ಯಾಗ್ ನಾ ಹೆಂಗ ತೆಗೀಲಿ? ಎರಡು ತಿಂಗಳ ಹಿಂದ ಹೊಲಿಗಿ ಗಿರಾಕಿಗಳ ಸಲುವಾಗಿ ಈ ಮೊಬೈಲ್ ಕೊಡಿಸಿದ್ರು. ಆಕಿ ನನ್ನನ್ನ ತನ್ನ ಖಾಸ್ ಪಟ್ಟಿಗಿ ಸೇರಿಸ್ಕೊಂಡ್ಳು. ತನ್ನ ಫೋಟೊ ಮುಚ್ಚಿಡೋದು ಚಲೋ ಕಲ್ತಾಳ್ರಿ. ನಂದು ಊರಿಗೆಲ್ಲಾ ಕಾಣೋ ಹಂಗ ಹಂಗೇ ಬಿಟ್ಟಾಳ."

"ಮತ್ತ ಆ ಗುಲಾಬಿ?"

"ಅವರೇನು ಮಾಡ್ಯಾರ್ರಿ ನನಗ? ಅವರ ಮನಿಯಾಗೂ ಅಬ್ಬಾಗಳು ಇರ್ತಾರಲ್ಲ."

ಗುಫ್ರಾನ್ ಬಾಗಿಲಿನಿಂದ ಸರಿದು ಗೋಡೆಗೆ ಒರಗಿದರು. 12.20ಕ್ಕೆ ಸಾಬಮ್ಮ ಗೌಸಿಯಾಳನ್ನು ಬಂಧಿಸಿದಳು. ಜಾಮೀನು ಸಿಗುವ ಕಲಮೇ ಎಂದು ತಂದೆಗೆ ತಿಳಿಸಿ ಹೊರಟರು.

ಮಧ್ಯಾಹ್ನ ಸಿಕಂದರ್ ಮಗಳೊಂದಿಗೆ ಠಾಣೆಗೆ ಬಂದರು. ಫೋಟೊದ ಹುಡುಗನೇ ಸಮವಸ್ತ್ರದಲ್ಲಿ ಅವರಿಗೆ ಸಲಾಮು ಹೊಡೆದ. ನಡೆದದ್ದನ್ನೆಲ್ಲ ಕೇಳಿ, ಅಲ್ಲೇ ಕುಳಿತಿದ್ದ ತಮ್ಮನ ಮಗಳು ಗೌಸಿಯಾಳನ್ನು ಒಮ್ಮೆ, ತಮ್ಮ ಮಗಳನ್ನು ಒಮ್ಮೆ ನೋಡಿದರು. ಜೇಬಿನಿಂದ ಅಲಮಾರಿಯ ಕೀಲಿ ತೆಗೆದು ಅಂಬರೀನಳ ಕೈಗಿಟ್ಟರು.

ಅಂಬರೀನಳ ಕಣ್ಣು ಕೀಲಿಯ ಮೇಲಿರಲಿಲ್ಲ. "ಆಪಾ, ಅಲ್ಲಾ ಕಸಮ್, ಆ ಫೋಟೊ ನನಗ ನೆನಪೇ ಇರ್ಲಿಲ್ಲ. ಚಾಚಾನೇ ಓದು ಸಾಕು ಅಂದ್ರಂತ ತಿಳಕೊಂಡಿದ್ದೆ," ಎಂದು ಬಿಕ್ಕಿದಳು. "ಈಗೇ ಅಳಿಸ್ತೀನಿ ನೋಡು."

"ಅಳಿಸಬ್ಯಾಡ!" ಗೌಸಿಯಾ ಎದ್ದೇ ನಿಂತಳು. "ಹೆಸರು ತೆಗಿ, ಸಾಕು. ನಾ ಕಾಲೇಜಿಗಿ ಹೋಗಿದ್ದೆ ಅನ್ನಾಕ ನನ್ನ ಹತ್ರ ಮತ್ತೇನೂ ಇಲ್ಲ."

ಅಂಬರೀನ್ ಟ್ಯಾಗ್ ತೆಗೆದು, ಆ ಫೋಟೊ ತಮ್ಮಿಬ್ಬರಿಗೇ ಕಾಣುವಂತೆ ಬದಲಿಸಿದಳು. ಗೌಸಿಯಾಳ ಮೊಬೈಲ್ ಜಪ್ತಿಯಲ್ಲಿತ್ತು, ಅದರಲ್ಲಿ ನೋಡುವ ಹಾಗಿರಲಿಲ್ಲ. ವಿಜಯಶ್ರೀ ದಿನಚರಿಯಲ್ಲಿ ಆರೋಪಿಯ ಹೇಳಿಕೆ ಬರೆದು ಮುಗಿಸಿ ದಿಲೀಪನನ್ನು ಕರೆದರು.

"ಆ ಕೋಟೆ ಮುಂದಿನ ಫೋಟೊ ಎರಡು ಪ್ರತಿ ತೆಗಿ. ಒಂದು ಕಡತಕ್ಕ. ಇನ್ನೊಂದು ಗೌಸಿಯಾಳ ಕೈಯಾಗ ಕೊಡು."