ನೂರವ್ವನ ವೀಸಾ

ನಾನು ಬಾಯಿ ತೆರೆದದ್ದೇ ತಡ, ಸರ್ಕಾರದ ನಂಟುಮಾಪಕ ಸಿಡಿದುಹೋಯಿತು, ಹುಬ್ಬಳ್ಳಿಯಲ್ಲಿ ಅರ್ಧ ಊರಿನ ದೀಪ ಆರಿತು, ಪೊಲೀಸರು ಓಡಿ ಬಂದರು.

ಇದರಲ್ಲಿ ಅರ್ಧ ಸುಳ್ಳು. ಪೊಲೀಸರು ಬರಲಿಲ್ಲ, ದೀಪವೂ ಆರಲಿಲ್ಲ. ಆದರೆ ಯಂತ್ರದ ಗಾಜಿನ ಕೊಳವೆಯೊಳಗಿನ ಅರಿಸಿನ ಬಣ್ಣದ ಬೆಳಕು ತಳದಿಂದ ಎದ್ದು ತುದಿಗೆ ಬಡಿದದ್ದು ನಿಜ, ಅದರ ನೆತ್ತಿಯ ಮೇಲಿನ ಗಂಟೆ ಹುಚ್ಚು ಹಿಡಿದ ಹಾಗೆ ಬಾರಿಸಿದ್ದೂ ನಿಜ. ಅಂಥ ಸದ್ದನ್ನು ತಾವೂ ಕೇಳಿರಲಿಲ್ಲ ಎಂದು ಯಂತ್ರ ಕಟ್ಟಿದ ಡಾಕ್ಟರ್ ರೋಹಿಣಿ ಅಂಗಡಿಯವರೇ ಹೇಳಿದರು. ದ್ಯಾಮವ್ವ ಎಂಬ ನಾನು ಮೂರನೆಯ ಇಯತ್ತೆಯಲ್ಲಿ ಪಾಟಿ ಒಡೆದು ಮನೆಗೆ ಬಂದವಳು. ನನ್ನ ಮಾತಿಗೆ ಭಾರಿ ಕಸುವಿದೆ ಎಂದು ನನ್ನ ಗಂಡ ಬದುಕಿದ್ದಾಗಲೇ ಹೇಳುತ್ತಿದ್ದರು, ಪಾಪ, ಕಿವಿ ಮುಚ್ಚಿಕೊಂಡು.

ನಗುವುದಿದ್ದರೆ ಈಗಲೇ ನಕ್ಕುಬಿಡು ತಂಗಿ. ಮುಂದೆ ಇರುವುದು ಬೇವಿನ ಕಷಾಯ.

ನನ್ನ ಮೊಮ್ಮಗ ಫಕೀರೇಶ ಗದಗಿನ ಗುಡ್ಡದ ಮೇಲಿನ ಗಾಳಿಯ ಫ್ಯಾನುಗಳ ಮೆಕ್ಯಾನಿಕ್. ಒಮ್ಮೆ ಕಂಪನಿಯವರು ಅವನನ್ನು ಅಂಥದೇ ಫ್ಯಾನುಗಳನ್ನು ನೆಟ್ಟು ಕೊಡಲು ಒಂದು ಹಿಮದ ದೇಶಕ್ಕೆ ಕಳಿಸಿದರು. ಆ ದೇಶದ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಬಗ್ಗಿಲ್ಲ. ಅಲ್ಲಿ ಒಲೆಯ ಗೋಡೆಗೆ ರೊಟ್ಟಿ ಬಡಿದು ಬೇಯಿಸುವ ಅಂಗಡಿಯಲ್ಲಿ ಐನೂರಾ ಎಂಬ ಹುಡುಗಿಯನ್ನು ಕಂಡ, ಮದುವೆಯಾದ. ಅವಳನ್ನು ನಾನು ನೂರವ್ವ ಎಂದು ಕರೆದೆ, ಅವಳೂ ಓಗೊಟ್ಟಳು. ಕೆಲಸ ಮುಗಿದು ಫಕೀರೇಶ ಊರಿಗೆ ಬಂದ. ವೀಸಾ ಸಿಕ್ಕ ಕೂಡಲೇ ನೂರವ್ವ ಹಿಂದಿನಿಂದ ಬರುವವಳಿದ್ದಳು.

ಹಿಂದಿನಿಂದ! ಆಗ ನಾನು ಅವಳಿಗೆಂದು ತಂದಿಟ್ಟ ಎಮ್ಮೆಯ ಕರು ಬೆಳೆದು, ಗಬ್ಬವಾಗಿ, ಈದು, ಅದರ ಕರುವೂ ಹಗ್ಗ ಹರಿಯಲು ಕಲಿಯಿತು. ನೂರವ್ವ ಬರಲಿಲ್ಲ.

ಅಲ್ಲಿನ ನಮ್ಮ ರಾಯಭಾರ ಕಚೇರಿಯವರಿಗೆ ಈ ಮದುವೆಯೇ ಅನುಮಾನ. ಮದುವೆಯ ಫೋಟೋದಲ್ಲಿ ಗಂಡ ಹೆಂಡತಿ ದೂರ ನಿಂತಿದ್ದಾರೆ ಎಂದರು. ಹತ್ತಿರ ನಿಂತ ಫೋಟೋ ಕಳಿಸಿದರೆ, ಇದು ನಿಮಗಾಗಿಯೇ ತೆಗೆಸಿದ ಹಾಗಿದೆ ಎಂದರು. ನಾನೇ ಒಮ್ಮೆ ಫೋನು ಹಚ್ಚಿದೆ. ಆ ಕಡೆಯಿಂದ ಒಂದು ಹೆಣ್ಣುದನಿ ಜೇನಿನಲ್ಲಿ ಅದ್ದಿದಂತೆ ಮಾತಾಡಿತು.

"ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ."

"ಯಾವಾಗ ಮುಗೀತದವ್ವಾ ನಿನ್ನ ಪರಿಶೀಲನಾ?"

"ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ."

"ನಿಮ್ಮವ್ವ ನಿನ್ನ ಹಡಿಯೂಮುಂದನೂ ಹಿಂಗ ಪರಿಶೀಲನಾದಾಗ ಇಟ್ಟಿದ್ಳೇನು?"

ಫಕೀರೇಶ ಫೋನು ಕಸಿದುಕೊಂಡ. "ಆಯಿ, ಅದು ಮನಷ್ಯಾರಲ್ಲ. ಯಂತ್ರ."

"ಯಂತ್ರಕ್ಕ ಅವ್ವ ಇಲ್ಲಂತ ಹಂಗ ಬಿಡ್ಲೇನು?"

ಆಮೇಲೆ ಹೊಸ ಕಾನೂನು ಬಂತು. ವೀಸಾಕ್ಕಾಗಿ ಸುಳ್ಳು ಮದುವೆಗಳು ಹೆಚ್ಚಾಗಿವೆ, ಕಾಗದ ಸುಳ್ಳು ಹೇಳುತ್ತದೆ, ಮೈ ಹೇಳುವುದಿಲ್ಲ. ಆದ್ದರಿಂದ ಇನ್ನು ಮುಂದೆ ಎಲ್ಲ ಜೋಡಿಗಳನ್ನೂ ನಂಟುಮಾಪಕದಲ್ಲಿ ಅಳೆಯಬೇಕು ಎಂದಾಯಿತು. ಒಳ್ಳೆಯದೇ ಆಯಿತು, ಅಳೆದು ಮುಗಿಸಲಿ ಎಂದುಕೊಂಡೆವು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟು, ಜೋಡಿಗಳು ಇರುವೆಯ ಸಾಲಿನಷ್ಟು. ಮತ್ತೆ ಪಾಳಿ.

ಈ ಕಾಯುವುದು ಎಂಬುದು ಗೆದ್ದಲಿನ ಜಾತಿಯದು. ಮೊದಮೊದಲು ಫಕೀರೇಶ ಅವಳ ಹತ್ತಿರ ಮಾತಾಡಲು ಮಾಳಿಗೆ ಹತ್ತುತ್ತಿದ್ದ, ಮೇಲಿನಿಂದ ನಗು ಕೇಳುತ್ತಿತ್ತು, ಜಗಳವೂ ಕೇಳುತ್ತಿತ್ತು. ಬರಬರುತ್ತ ಮಾಳಿಗೆ ಹತ್ತುವುದೂ ನಿಂತಿತು.

"ಏನರ ಬಂತೇನು?" ಎನ್ನುತ್ತಿದ್ದ.

"ಇಲ್ಲ. ನಿಂಗ?"

"ಇಲ್ಲ."

ಅಷ್ಟೇ. ಗಂಡ ಹೆಂಡತಿ ಹೋಗಿ ಇಬ್ಬರು ಗುಮಾಸ್ತರಾದರು.

ನೂರವ್ವನ ಬಾಯಿಗೆ ನಾನೊಬ್ಬಳೇ ಉಳಿದೆ. ದಿನಾ ಮುಂಜಾನೆ ರೊಟ್ಟಿ ಬಡಿಯುವ ಹೊತ್ತಿಗೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸುತ್ತಿದ್ದೆ. ಅಲ್ಲಿ ಅವಳೂ ಹಿಟ್ಟು ಕಲಸುತ್ತಿದ್ದಳು. ನಾನು ಕಳಿಸಿದ ಜೋಳದ ಹಿಟ್ಟೇ. ಹಿಟ್ಟಿಗೆ ವೀಸಾ ಬೇಕಾಗಿರಲಿಲ್ಲ ನೋಡು, ವಾರದೊಳಗೆ ಹೋಗಿ ಮುಟ್ಟುತ್ತಿತ್ತು. ರೊಟ್ಟಿಯ ಜೊತೆಗೆ ಅವಳಿಗೆ ನಮ್ಮ ಮಾತನ್ನೂ ನಮ್ಮ ರೀತಿಯನ್ನೂ ಕಲಿಸಿದೆ. ಹಿರಿಯರ ಮುಂದೆ ತಲೆ ತುಂಬ ಸೆರಗು ಹೊದೆಯಬೇಕು, ಹಿರಿಯರು ಕೂತಲ್ಲಿ ಗಂಡನ ಮುಖ ನೋಡಿ ಮಾತಾಡಬಾರದು. ಎಲ್ಲವನ್ನೂ ಶ್ರದ್ಧೆಯಿಂದ ಕಲಿತಳು, ರೊಟ್ಟಿ ಒಂದನ್ನು ಬಿಟ್ಟು.

ಕೊನೆಗೆ ನಮ್ಮ ಪಾಳಿ ಬಂತು. ಫಕೀರೇಶ ಹುಬ್ಬಳ್ಳಿಯ ಕಚೇರಿಯಲ್ಲಿ ಕೂರಬೇಕು, ನೂರವ್ವ ಅಲ್ಲಿನ ಕಚೇರಿಯಲ್ಲಿ ಕೂರಬೇಕು, ಗೋಡೆಯ ಪರದೆಯ ಮೇಲೆ ಒಬ್ಬರಿಗೊಬ್ಬರು ಕಾಣಬೇಕು. ನಾನೂ ಹೊರಟೆ. ಗಂಡ ಸತ್ತವಳೆಂದು ಆರತಿಗೂ ಅಕ್ಷತೆಗೂ ನನ್ನನ್ನು ಯಾರೂ ಮುಂದೆ ಕರೆಯುವುದಿಲ್ಲ. ಸರ್ಕಾರದ ಮದುವೆಗಾದರೂ ಮುಂದೆ ಕೂರುತ್ತೇನೆ ಎಂದು ಹಟ ಹಿಡಿದೆ. ಹಿರಿಯರೊಬ್ಬರು ಇರಲಿ ಎಂದು ಫಕೀರೇಶನೂ ಒಪ್ಪಿದ.

ರೋಹಿಣಿಯವರು ತೆಳ್ಳಗಿನ ಹೆಣ್ಣುಮಗಳು. ಫಕೀರೇಶನ ಕೊರಳಿಗೆ ಮೆತ್ತನೆಯ ಪಟ್ಟಿ ಕಟ್ಟುತ್ತಿದ್ದರು. ನಾನು ಸುಮ್ಮನೆ ಕೂರುವವಳೇ?

"ಇದರಾಗ ಹೆಂಗ ಗೊತ್ತಾಗ್ತದವಾ, ಯಾರ ಮ್ಯಾಲ ಯಾರಿಗೆ ಎಷ್ಟು ಜೀವ ಅಂತ?"

"ಅಜ್ಜಿ, ಗುರುತಿಲ್ಲದವರು ಮಾತಾಡುವಾಗ ಒಬ್ಬರು ಪೂರ್ತಿ ಮುಗಿಸೋ ತನಕ ಇನ್ನೊಬ್ಬರು ಕಾಯ್ತಾರೆ. ಆಮೇಲೆ ಉಸಿರು ಎಳ್ಕೊಂಡು ಉತ್ತರ ಕೊಡ್ತಾರೆ. ವರ್ಷಗಟ್ಟಲೆ ಒಟ್ಟಿಗೆ ಬದುಕಿದವರು ಹಾಗಲ್ಲ. ಒಬ್ಬರ ಮಾತು ಅರ್ಧದಲ್ಲಿರುವಾಗಲೇ ಇನ್ನೊಬ್ಬರ ಗಂಟಲು ಉತ್ತರಕ್ಕೆ ಸಿದ್ಧ ಆಗುತ್ತೆ. ಆ ಉಸಿರಿಗೆ ನಾವು ಮುನ್ನುಸಿರು ಅಂತೀವಿ. ಅದನ್ನ ನಟಿಸೋಕೆ ಯಾರಿಂದಲೂ ಆಗಲ್ಲ. ಪಟ್ಟಿ ಅದನ್ನ ಹಿಡಿಯುತ್ತೆ, ಕೊಳವೆ ತೋರಿಸುತ್ತೆ."

"ಜಗಳಾ ಆಡಿದ್ರ?"

"ಜಗಳದಲ್ಲೇ ಮುನ್ನುಸಿರು ಹೆಚ್ಚು!" ಅವರು ನಕ್ಕರು. "ನಯವಾಗಿ ಮಾತಾಡೋರನ್ನ ಕಂಡ್ರೇ ನನ್ನ ಯಂತ್ರಕ್ಕೆ ಅನುಮಾನ."

ಪರದೆಯ ಮೇಲೆ ನೂರವ್ವ ಕಂಡಳು. ಕೊರಳಲ್ಲಿ ಅದೇ ಪಟ್ಟಿ, ಪಕ್ಕದಲ್ಲಿ ಟೈ ಕಟ್ಟಿದ ಅಧಿಕಾರಿ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿ ಎಂದರು ರೋಹಿಣಿ.

"ಆರಾಮ ಇದ್ದೀಯೇನು?" ಫಕೀರೇಶ ಕೇಳಿದ.

ನೂರವ್ವ ಅವನನ್ನು ನೋಡಲು ಮುಖ ಎತ್ತಿದಳು. ಅವನ ಹಿಂದೆ ಹಿರಿಯಳಾಗಿ ಕೂತ ನಾನು ಅವಳ ಕಣ್ಣಿಗೆ ಬಿದ್ದೆ. ತಲೆಯ ವಸ್ತ್ರವನ್ನು ಹಣೆಯ ತನಕ ಎಳೆದುಕೊಂಡು ನೆಲ ನೋಡಿದಳು. "ಹೂಂ."

"ಊಟಾ ಆತೇನು?"

"ಹೂಂ."

"ಥಂಡಿ ಐತೇನು?"

"ಹೂಂ."

ಕೊಳವೆಯ ಬೆಳಕು ಎಣ್ಣೆ ತೀರಿದ ಬತ್ತಿಯ ಹಾಗೆ ತಳದಲ್ಲೇ ಮಿಣುಕಿತು. ಕಲಿಸಿದ ಪಾಠವನ್ನೆಲ್ಲ ಒಪ್ಪಿಸುತ್ತಿತ್ತು ಹುಡುಗಿ.

ರೋಹಿಣಿಯವರ ಮುಖ ಬಾಡಿತು. "ಯಂತ್ರದಲ್ಲೇ ದೋಷ ಇರಬಹುದು ಸರ್. ಒಮ್ಮೆ ಬೇರೆಯವರಿಗೆ ಕಟ್ಟಿ ನೋಡ್ತೀನಿ," ಎಂದು ಪಟ್ಟಿ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದರು. "ಅಜ್ಜಿ, ಏನಾದ್ರೂ ಮಾತಾಡಿ."

ಏನಾದರೂ ಮಾತಾಡು ಎಂದು ನನಗೆ ಹೇಳಿದವರು ಈ ಜನ್ಮದಲ್ಲಿ ಅವರೊಬ್ಬರೇ.

"ಯಾಕ ಹುಡುಗಿ, ಮಾರಿ ಯಾಕ ಸುಟ್ಟ ಬದ್ನಿಕಾಯಿ ಆಗೇದ? ಮುಂಜಾನಿ ರೊಟ್ಟಿ..."

"ಹರೀಲಿಲ್ಲ!"

"ಹರೀಲಿಲ್ಲಂದ್ರ ಸುಟ್ಟೀದಿ. ನಿನ್ನ ರೊಟ್ಟಿ ಕಂಡ್ರ ನಾಯಿನೂ ಕೈ ಮುಗದು..."

"ನಾಯಿ ತಿಂತು! ನಾಯಿಗೆ ಹಲ್ಲೈತಿ. ನಿಂಗ ಇಲ್ಲ!"

ಗಂಟೆ ಬಾರಿಸಿದ್ದು ಆಗಲೇ.

ಅಧಿಕಾರಿ ತಮ್ಮ ಮುಂದಿನ ಪರದೆಯಲ್ಲಿ ಏನೋ ಒತ್ತಿದರು. "ಈ ಮಹಿಳೆಗೆ ಭಾರತದಲ್ಲಿ ನಿಜವಾದ ನಂಟು ಇರುವುದು ಸಾಬೀತಾಗಿದೆ. ಗಂಡನ ಜೊತೆಗಲ್ಲ, ಈ ವೃದ್ಧೆಯ ಜೊತೆಗೆ."

"ಸರ್, ಅಜ್ಜಿಗೆ ಪಟ್ಟಿ ಕಟ್ಟಿದ್ದು ಯಂತ್ರ ಸರಿಯಿದೆಯಾ ನೋಡೋದಕ್ಕೆ!" ರೋಹಿಣಿ ಕೂಗಿದರು.

"ಯಂತ್ರ ಸರಿಯಿದೆ ಎಂದು ನೀವೇ ತೋರಿಸಿದಿರಿ. ಹಾಗಾದರೆ ಮೊದಲನೆಯ ಫಲಿತಾಂಶವೂ ಸರಿ."

ನಾನು ಎದ್ದು ನಿಂತೆ. "ಸಾಹೇಬ್ರ, ನಮ್ಮಾಗ ಹಿರೇರ ಮುಂದ ಗಂಡ ಹೆಂಡ್ತಿ ಮಾತಾಡಂಗಿಲ್ರಿ. ನಾ ಹೊರಗ ಹೋಗ್ತೀನಿ. ಇನ್ನೊಮ್ಮೆ ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದು ಅರ್ಜಿಗೆ ಒಂದೇ ಪರೀಕ್ಷೆ. ಹಿರಿಯರ ಆಶ್ರಿತ ಬಂಧು ಎಂದು ವೀಸಾ ಕೊಡಬಹುದು. ಆ ಹಿರಿಯರು ಬದುಕಿರುವವರೆಗೆ ಅದು ನಡೆಯುತ್ತದೆ. ಅವರು ತೀರಿಕೊಂಡ ದಿನ ರದ್ದು."

ಫಕೀರೇಶ ತಿರುಗಿ ನನ್ನನ್ನು ನೋಡಿದ. ಹೇಗೆ ನೋಡಿದ ಗೊತ್ತೇ? ಹಳೆಯ ಫ್ಯಾನಿನ ಬೇರಿಂಗ್ ಇನ್ನೆಷ್ಟು ದಿನ ತಿರುಗೀತು ಎಂದು ಮೆಕ್ಯಾನಿಕ್ ನೋಡುವ ಹಾಗೆ.

ನೂರವ್ವ ಬಂದಳು. ನಿಲ್ದಾಣದಲ್ಲಿ ನನ್ನನ್ನು ತಬ್ಬಿ ಅತ್ತಳು. ಗಂಡನ ಮುಂದೆ ನಿಂತು, ನೆಂಟರ ಮನೆಗೆ ಬಂದವರಂತೆ, "ಚಲೋ ಇದ್ದೀರೇನು?" ಎಂದಳು. ಅವನೂ ಅವಳ ಚೀಲ ಇಸಿದುಕೊಂಡು "ಪ್ರಯಾಣ ಆರಾಮ ಆತಲ್ರಿ?" ಎಂದ. ಗಂಡ ಹೆಂಡತಿಗೆ ರೀ ಅಂದದ್ದನ್ನು ನಾನು ಅಂದೇ ಕಂಡದ್ದು. ಇಷ್ಟು ವರ್ಷ ಕಾಯಿಸಿ ಕಚೇರಿಯವರು ಕಳಿಸಿಕೊಟ್ಟದ್ದು ಹೆಂಡತಿಯನ್ನಲ್ಲ, ಅತಿಥಿಯನ್ನು. ಮನೆಯಲ್ಲಿ ಅವರು ನೀರು ಬೇಕೇನು, ಬೇಡ, ದೀಪ ಆರಿಸಲೇನು, ಆರಿಸಿ ಎಂದು ಬದುಕತೊಡಗಿದರು. ಯಂತ್ರ ಅಂದು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ನನಗೆ ಉರಿದದ್ದು. ಗಾಯ ಮಾಡಿದವರೇ ಬಂದು ರಕ್ತ ಅಳೆದು ಹೋಗಿದ್ದರು.

ಅವರಿಬ್ಬರೂ ಒಂದಾಗುತ್ತಿದ್ದುದು ನನ್ನ ಕಾವಲಿಗೆ ಮಾತ್ರ. ನನಗೆ ಮಿರ್ಚಿ ಬಂದ್. ಮಾಳಿಗೆ ಬಂದ್. ನಾನು ಒಮ್ಮೆ ಕೆಮ್ಮಿದರೆ ಒಬ್ಬಳು ಕಷಾಯ ಹಿಡಿದು ನಿಲ್ಲುತ್ತಿದ್ದಳು, ಒಬ್ಬ ಡಾಕ್ಟರಿಗೆ ಫೋನು ಹಚ್ಚುತ್ತಿದ್ದ. ಅದು ನನ್ನ ಮೇಲಿನ ಪ್ರೀತಿಯೋ ವೀಸಾದ ಮೇಲಿನ ಭಯವೋ, ರೋಹಿಣಿಯವರ ಯಂತ್ರಕ್ಕೂ ತಿಳಿಯಲಿಕ್ಕಿಲ್ಲ. ಸಾಯುವ ದಿನಕ್ಕೆಂದು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದೆ. ನೂರವ್ವ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿದಳು.

"ಕೀಲಿ ಕೊಡ ಹುಡುಗಿ."

"ಕೊಡಾಂಗಿಲ್ಲ. ನೀ ಸಾಯಾಂಗಿಲ್ಲ."

ರೋಹಿಣಿಯವರು ಮಾತ್ರ ನಮ್ಮನ್ನು ಬಿಡಲಿಲ್ಲ. ಗಂಡ ಹೆಂಡತಿ ಎಂದು ಹೊಸ ಅರ್ಜಿ ಹಾಕಿಸಿದರು. ಮತ್ತೆ ಪಾಳಿ. ಈ ಸಲ ನಾನು ಸುಮ್ಮನೆ ಕಾಯಲಿಲ್ಲ. ಜಗಳದಲ್ಲೇ ಮುನ್ನುಸಿರು ಹೆಚ್ಚು ಎಂದಿದ್ದರಲ್ಲ? ನೂರವ್ವ ಒಲೆಗೆ ಬೆನ್ನು ಹಾಕಿದಾಗ ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿದೆ. ಫಕೀರೇಶ ನಟ್ಟು ಬಿಗಿಯುವ ಪಾನಾವನ್ನು ಅವಳ ಹಾಸಿಗೆಯ ಕೆಳಗೆ ಇಟ್ಟೆ. ಅವಳ ಮುಂದೆ ಅವನ ಚಾಡಿ, ಅವನ ಮುಂದೆ ಅವಳ ಚಾಡಿ. ಮೊದಲಿಗೆ ಏನೂ ಆಗಲಿಲ್ಲ. ಉಪ್ಪು ಸಾರನ್ನು ಅವನು ಕಣ್ಣಲ್ಲಿ ನೀರು ತುಂಬಿಕೊಂಡು "ಭಾಳ ರುಚಿ ಆಗೇದರಿ" ಎಂದು ಕುಡಿದ. ಹಾಳಾದವನು! ಆದರೆ ಒಂದು ದಿನ ಕುಡಿಯಲಿಲ್ಲ, ಬಟ್ಟಲು ಸರಿಸಿದ. ಇನ್ನೊಂದು ದಿನ ಅವಳು ಬಟ್ಟಲನ್ನು ತಿರುಗಿ ಅವನ ಕಡೆಗೆ ಸರಿಸಿದಳು. ನಾನು ಗೋಡೆಗೆ ಮುಖ ಮಾಡಿ ಮಲಗಿ ದೇವರಿಗೆ ಕೈ ಮುಗಿದೆ.

ಪರೀಕ್ಷೆಯ ದಿನ ಇಬ್ಬರೂ ಒಂದೇ ಕೋಣೆಯಲ್ಲಿ, ಕೊರಳಿಗೆ ಪಟ್ಟಿ ಕಟ್ಟಿಕೊಂಡು ಕೂತರು. ಅಧಿಕಾರಿ ಪರದೆಯ ಮೇಲಿದ್ದರು. ನಾನು ಒಳಗೆ ಕಾಲಿಡಲಿಲ್ಲ. ಬಾಗಿಲಾಚೆ ಬಾಕಿನ ಮೇಲೆ ಕೂತು ಕಿವಿಯನ್ನು ಮಾತ್ರ ಒಳಗೆ ಕಳಿಸಿದೆ.

ಬಹಳ ಹೊತ್ತು ನಯದ ಮಾತು. ಹೂಂ, ಹೌದು, ಆಯಿತು. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಫಕೀರೇಶ, ಏನು ಮಾತಾಡಬೇಕೆಂದು ತೋಚದೆ, "ನಿನ್ನಿ ಸಾರು..." ಎಂದ.

"ಉಪ್ಪು ನಾ ಹಾಕಿಲ್ಲ!"

"ನೀ ಅಲ್ಲಂದ್ರ ಯಾರ..."

"ನಾ ಒಮ್ಮೆ ಹಾಕ್ತೀನಿ, ತಿರುಗಿ ನೋಡೂದ್ರಾಗ..."

"ಅಂದ್ರ ನನ್ನ ಪಾನಾನೂ..."

"ನನ್ನ ಹಾಸಿಗಿ ಕೆಳಗ! ನಾ ಇಟ್ಟಿಲ್ಲ!"

ಆಮೇಲೆ ಇಬ್ಬರೂ ಒಂದೇ ಗಂಟಲಿನಿಂದ ಬಂದಂತೆ ಕೂಗಿದರು: "ಆಯೀ!"

ಗಂಟೆ ಬಾರಿಸಿತು ತಂಗಿ. ನಾನು ಬಾರಿಸಿದ್ದಕ್ಕಿಂತ ಜೋರಾಗಿ. ಈ ಮಾತಿನಲ್ಲಿ ಒಂದು ಕಾಳಿನಷ್ಟೂ ಸುಳ್ಳಿಲ್ಲ.

ಎದ್ದು ನಿಂತೆ, ಇನ್ನು ಸೀರೆಯ ಪೆಟ್ಟಿಗೆಯ ಕೀಲಿ ಕೇಳಬಹುದು ಎಂದುಕೊಂಡು. ರೋಹಿಣಿಯವರು ಹೊರಗೆ ಬಂದರು. ಕಣ್ಣು ಒರೆಸಿಕೊಳ್ಳುತ್ತಿದ್ದರು, ಆದರೆ ನಗುತ್ತಿರಲಿಲ್ಲ.

"ಅಜ್ಜಿ, ಅವರು ಗೆದ್ದರು. ಆದರೆ ಒಂದೇ ಹೆಂಗಸಿಗೆ ಎರಡು ಸಲ ಗಂಟೆ ಬಾರಿಸಿದ್ದು ಇದೇ ಮೊದಲಂತೆ. ಇದಕ್ಕೆ ನಿಯಮ ಇಲ್ಲ ಅಂತ ಅಧಿಕಾರಿ ಹೇಳ್ತಾರೆ. ಫಲಿತಾಂಶನ ಮೇಲಿನವರಿಗೆ ಕಳಿಸಿದ್ದಾರೆ. ಅಲ್ಲಿಂದ ಅಪ್ಪಣೆ ಬರೋ ತನಕ ಹಳೇ ವೀಸಾನೇ. ಅಲ್ಲೀವರೆಗೆ ನೀವು..."

"ಸಾಯಬಾರ್ದು?"

ನನ್ನ ಮುನ್ನುಸಿರು ಅವರ ಮಾತನ್ನು ಮೊದಲೇ ಹಿಡಿದಿತ್ತು.

ಅಂದಿನಿಂದ ಮನೆಯಲ್ಲಿ ಇಬ್ಬರೂ ಹೊತ್ತು ಹುಟ್ಟಿದರೆ ಜಗಳ ಆಡುತ್ತಾರೆ, ಮಾಳಿಗೆಯ ಮೇಲೆ ನಗುತ್ತಾರೆ. ನಾನು ಕೆಳಗೆ ಮಿರ್ಚಿ ಇಲ್ಲದೆ ಕೂತು, ದಿನಕ್ಕೊಮ್ಮೆ ಫೋನು ಹಚ್ಚುತ್ತೇನೆ. ಆ ಜೇನಿನ ಹುಡುಗಿ ಇನ್ನೂ ಅಲ್ಲೇ ಇದ್ದಾಳೆ. ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಎನ್ನುತ್ತಾಳೆ. ನನ್ನ ಎದೆಯೊಳಗೆ ಈಚೆಗೆ ಒಂದು ಬೇರಿಂಗ್ ಕರಕರ ಎನ್ನುತ್ತದೆ. ಅದನ್ನು ಅವರಿಬ್ಬರಿಗೆ ಹೇಳಿಲ್ಲ, ನೀನೂ ಹೇಳಬೇಡ.

ಈಗ ನೀನೇ ಲೆಕ್ಕ ಹಾಕಿ ಹೇಳು ನೋಡೋಣ. ನಮ್ಮ ಹೊಸ್ತಿಲಿಗೆ ಮೊದಲು ಬರುವವರು ಯಾರು, ಆ ಕಚೇರಿಯವರೋ, ಯಮನೋ?