ಕಲ್ಲೂರಿನ ಸೂರ್ಯಕಾಂತಿ, ನನ್ನ ನಾಲಿಗೆ

ಯಂಕೋಬನನ್ನು ಕಳ್ಳ ಎಂದವಳು ನಾನೇ. ಅದೂ ಕೂಲಿ ಹೆಂಗಸರ ಎದುರು, ಹೊಲದಲ್ಲಿ ನಿಂತು.

ಅವನು ದೇವದುರ್ಗದಿಂದ ಜೇನುಪೆಟ್ಟಿಗೆ ತಂದು ಕಲ್ಲೂರಿನ ನಮ್ಮ ಸೂರ್ಯಕಾಂತಿ ಹೊಲದ ಬದುವಿನ ಮೇಲಿಟ್ಟಿದ್ದ. ಮುಚ್ಚಳ ತೆರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಮುಚ್ಚಿದ ಮೇಲೆ ನನ್ನತ್ತ ನೋಡಿ ಒಂದಿಷ್ಟೇ ನಗುತ್ತಿದ್ದ. ಕಳೆ ತೆಗೆಯುವ ನೆಪದಲ್ಲಿ ನಾನೂ ಅದೇ ಸಾಲಿನಲ್ಲಿರುತ್ತಿದ್ದೆ.

ಒಂದು ದಿನ ಕೂಲಿಗೆ ಬಂದಿದ್ದ ಕರೆಮ್ಮ ಕೇಳಿಯೇಬಿಟ್ಟಳು. “ಉಮವ್ವ, ನೀ ಕಳಿ ನೋಡಾಕತ್ತೀಯೋ, ಅವನ್ನ ನೋಡಾಕತ್ತೀಯೋ?”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮಾನ ಉಳಿಸಿಕೊಳ್ಳಬೇಕಿತ್ತು.

“ನಿನ್ನ ಹುಳ ನಮ್ಮ ಹೂವಿನ ರಸ ಕುಡದು ಕಾಳು ಜೊಳ್ಳು ಮಾಡ್ತಾವ. ಕಳ್ಳ! ಒಯ್ಯಿ ನಿನ್ನ ಪೆಟ್ಟಿಗಿ!” ಎಂದು ಯಂಕೋಬನ ಮೇಲೆ ಕಿರುಚಿದೆ.

ಅವನು ತೆರೆದಿದ್ದ ಮುಚ್ಚಳ ಮುಚ್ಚಿದ. ಸಂಜೆ ಹುಳಗಳು ಗೂಡು ಸೇರಿದ ಮೇಲೆ ಪೆಟ್ಟಿಗೆಗಳನ್ನು ಚಂದ್ರಬಂಡಕ್ಕೆ, ನನ್ನ ಸೋದರಮಾವ ಪರಮಣ್ಣನ ಹೊಲಕ್ಕೆ ಒಯ್ದ.

ಸುಗ್ಗಿಯಲ್ಲಿ ಮಾವ ಒಂದು ತೆನೆ ತಂದು ತೋರಿಸಿದ. ಅಂಚಿನಿಂದ ನಡುವಿನವರೆಗೂ ಗಟ್ಟಿ ಕಾಳು. ನಮ್ಮ ತೆನೆಗಳ ನಡುಭಾಗವೆಲ್ಲ ಜೊಳ್ಳು.

“ಹುಳ ಹೂವಿಂದ ಹೂವಿಗಿ ಪುಡಿ ಮುಟ್ಟಿಸಿದ್ರನ ಕಾಳು ಕಟ್ತದ ನೋಡವ್ವ. ಎಕರೇಕ ಎರಡು ಕ್ವಿಂಟಲ್ ಜಾಸ್ತಿ ಬಂತು. ಜೇನು ಮಾರಿ ಅವಂಗೂ ನಾಕು ಕಾಸಾತು.”

ಬೆಳೆ ಹೋದದ್ದಕ್ಕಿಂತ ನಾಚಿಕೆಯೇ ಹೆಚ್ಚು ಸುಟ್ಟಿತು. ಹುಳದ ವಿಷಯ ನನಗೆ ಗೊತ್ತಿರಲಿಲ್ಲ, ಸರಿ. ಅವನು ಕಳ್ಳನಲ್ಲ ಎಂಬುದು ಅವತ್ತೇ ಗೊತ್ತಿತ್ತು.

ಮರುದಿನ ದೇವದುರ್ಗದ ಬಸ್ ಹತ್ತಿದೆ. ಒಬ್ಬಳೇ ಅಲ್ಲ, ಕರೆಮ್ಮನನ್ನೂ ಉಳಿದ ಹೆಂಗಸರನ್ನೂ ಕರೆದುಕೊಂಡು. ಅವನ ಮಾನ ಕಳೆದದ್ದು ಅವರ ಎದುರಿಗಲ್ಲವೇ?

ಯಂಕೋಬ ಅಂಗಳದಲ್ಲಿ ಪೆಟ್ಟಿಗೆಗೆ ಬಣ್ಣ ಬಳಿಯುತ್ತಿದ್ದ. ನಮ್ಮ ದಂಡು ಕಂಡು ಎದ್ದು ನಿಂತ.

“ಏನ್ರೀ, ಮತ್ತೇನಾರ ಕಳುವಾತೇನ್ರೀ?”

ನನ್ನ ಕಣ್ಣು ನೆಲ ಬಿಟ್ಟು ಏಳಲಿಲ್ಲ.

“ಹುಳದ ಸಲುವಾಗಿ ಬೈಲಿಲ್ರೀ. ನಾ ನಿಮ್ಮನ್ನ ನೋಡೋದು ಇವರಿಗೆಲ್ಲ ಗೊತ್ತಾತು. ಅದನ್ನ ಮುಚ್ಚಾಕ ನಿಮಗ ಕಳ್ಳ ಅಂದೆ. ತಪ್ಪಾತ್ರೀ.”

ಈ ಸಲ ಯಾರೂ ನಗಲಿಲ್ಲ. ಕರೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಯಂಕೋಬ ಬ್ರಶ್ ಕೆಳಗಿಟ್ಟ.

“ಭಾಳ ಸಿಟ್ಟು ಬಂದಿತ್ರೀ. ಈಗೂ ಸ್ವಲ್ಪ ಅದ.”

“ಇರಲ್ರೀ,” ಎಂದೆ.

“ಹೊಸಾ ಬೆಳಿ ಹೂ ಬಿಡಾಕ ಎಷ್ಟು ದಿನ ಅದಾವ?”

“ಎರಡು ತಿಂಗಳರೀ.”

“ಅಷ್ಟು ದಿನ ತಡಿಯಾಕ ಆಗಾಂಗಿಲ್ಲ. ನಾಳಿನ ಬರ್ತೀನಿ.”

“ಹೊಲ್ದಾಗ ಒಂದೂ ಹೂವಿಲ್ರೀ. ಪೆಟ್ಟಿಗಿ ತಂದು ಏನ್ ಮಾಡ್ತೀರಿ?”

“ಪೆಟ್ಟಿಗಿ ತರಾಂಗಿಲ್ರೀ,” ಎಂದ. “ನಾ ಒಬ್ಬನ ಬರ್ತೀನಿ.”